ಹುರುಳಿ ಖರ್ಚಿಗೆ ಸಿಎಸ್‌ಆರ್ ಹಣ: ನನ್ನ ಅನುಭವ

ಕಳೆದ ಮಾರ್ಚ್ ಕೊನೆಯ ವಾರ. ನಮ್ಮ ಕುದುರೆ ಗೌರಿಯ ಹಿಂಗಾಲು ತೊಡೆಯ ಮೇಲಿಟ್ಟುಕೊಂಡು ಗೊರಸು ಕೆರೆಯುತ್ತಿದ್ದಾಗ ವಿಶೇಷಚೇತನ ಮಕ್ಕಳ ವಿಶೇಷ ಶಾಲೆಯ ಮುಖ್ಯೋಪಾಧ್ಯಾಯಿನಿಯವರ ಕರೆ ಬಂತು. "ಸರ್, ನಮ್ಮ ಖಾತೆಗೆ ಹಣ ಬಂದಿದೆ. ನಾಲ್ಕು ಲಕ್ಷ ನಲವತ್ತು ಸಾವಿರ." ಕಂಪನಿಯೊಂದರ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ನಿಧಿಯ ಒಟ್ಟು 11 ಲಕ್ಷದ ಮೊದಲ ಕಂತು. ಸುದ್ದಿಯನ್ನು ನಾನು ಮೊದಲು ಹೇಳಿದ್ದು ಮನೆಯವರಿಗಲ್ಲ, ಸರ್ಜಾಪುರದ ಕಡೆ ಸವಾರಿ ಶಾಲೆ ನಡೆಸುವ ಗೆಳೆಯರಿಗೆ. ಮೂರು ವರ್ಷದ ಹಿಂದೆ ನಾಲ್ಕು ಜನರ ಎದುರು "ಶ್ರೀಮಂತರ ಮಕ್ಕಳ ಶೋಕಿಗೆ ಯಾವ ಕಂಪನಿ ಸ್ವಾಮಿ ದುಡ್ಡು ಕೊಡುತ್ತದೆ?" ಎಂದು ನಕ್ಕಿದ್ದವರು ಅವರೇ.

ನಮ್ಮ ಸವಾರಿ ಶಾಲೆ ಇರುವುದು ಹೆಸರಘಟ್ಟದ ಕಡೆ ಗುತ್ತಿಗೆಗೆ ಪಡೆದ ಎರಡು ಎಕರೆ ಜಾಗದಲ್ಲಿ. ಆರು ಕುದುರೆಗಳು, ಅವುಗಳಲ್ಲಿ ಮೂರು ರೇಸಿನಿಂದ ನಿವೃತ್ತಿಯಾದವು. ಹುಲ್ಲು, ಹುರುಳಿ, ಬೂಸಾ, ಲಾಳ, ಕುದುರೆ ನೋಡಿಕೊಳ್ಳುವ ಸಯೀಸರ ಸಂಬಳ ಎಲ್ಲ ಸೇರಿ ಕುದುರೆಯೊಂದಕ್ಕೆ ತಿಂಗಳಿಗೆ 24 ಸಾವಿರದ ಆಸುಪಾಸು. ಹೊಟ್ಟೆಶೂಲೆ ಬಂದ ತಿಂಗಳ ಲೆಕ್ಕವನ್ನು ನಾನು ಬರೆದಿಡುವುದೇ ಇಲ್ಲ. ವಾರಾಂತ್ಯಕ್ಕೆ ಅಪಾರ್ಟ್‌ಮೆಂಟುಗಳಿಂದ ಬರುವ ಮಕ್ಕಳ ಶುಲ್ಕ ಪರೀಕ್ಷೆಯ ತಿಂಗಳುಗಳಲ್ಲಿ ನಿಂತುಹೋಗುತ್ತದೆ. ಕುದುರೆಯ ಹಸಿವಿಗೆ ಪರೀಕ್ಷೆಯಿಲ್ಲ.

ಮೊದಲು ಕೈ ಸುಟ್ಟುಕೊಂಡದ್ದು ಸಬ್ಸಿಡಿಯ ಆಸೆಯಲ್ಲಿ. 2024ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಜಾನುವಾರು ಮಿಷನ್‌ಗೆ ಕುದುರೆ, ಕತ್ತೆ, ಹೇಸರಗತ್ತೆ, ಒಂಟೆಗಳನ್ನೂ ಸೇರಿಸಿದರು: ಶೇ 50ರಷ್ಟು ಬಂಡವಾಳ ಸಬ್ಸಿಡಿ, ಗರಿಷ್ಠ 50 ಲಕ್ಷ. ಸಲಹೆಗಾರರೊಬ್ಬರಿಗೆ 35 ಸಾವಿರ ಕೊಟ್ಟು ಯೋಜನಾ ವರದಿ ಮಾಡಿಸಿದೆ. ಬ್ಯಾಂಕಿನ ಅಧಿಕಾರಿ ಅದನ್ನು ತಾಳ್ಮೆಯಿಂದ ಓದಿ ಕೇಳಿದ್ದು ಒಂದೇ ಪ್ರಶ್ನೆ: "ಇದರಲ್ಲಿ ಮರಿಗಳೆಲ್ಲಿವೆ?" ಆ ಹಣ ತಳಿ ಸಂವರ್ಧನೆಗೆ, ಸವಾರಿಗಲ್ಲ. ನನ್ನಲ್ಲಿದ್ದ ಒಂದೇ ಹೆಣ್ಣು ಕುದುರೆ ಗೌರಿ, ಅದಕ್ಕಾಗಲೇ ಹದಿನೇಳು ವರ್ಷ. ಆ 35 ಸಾವಿರದಲ್ಲಿ ಕುದುರೆ ಬೆನ್ನಿಗೆ ಹಾಕುವ ಹೊಸ ಜೀನು ಬರುತ್ತಿತ್ತು.

ವಿದೇಶಿ ದೇಣಿಗೆಯ ದಾರಿಯನ್ನು ಎರಡೇ ದಿನದಲ್ಲಿ ಬಿಟ್ಟೆ. ವಿದೇಶಿ ದೇಣಿಗೆ ಕಾಯ್ದೆಯಾದ ಎಫ್‌ಸಿಆರ್‌ಎಯಡಿ ನೋಂದಣಿಗೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಆ ಅವಧಿಯಲ್ಲಿ 15 ಲಕ್ಷ ಖರ್ಚು ಮಾಡಿರಬೇಕು. ನಮ್ಮ ಟ್ರಸ್ಟಿಗೆ ಆಗ ವರ್ಷವೂ ಆಗಿರಲಿಲ್ಲ.

ಆಮೇಲೆ ಕಂಪನಿಗಳ ಬಾಗಿಲು. ಸಿಎಸ್‌ಆರ್ ಹಣವನ್ನು ಯಾವುದಕ್ಕೆ ಖರ್ಚು ಮಾಡಬಹುದೆಂದು ಪಟ್ಟಿ ಮಾಡುವ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಒಲಿಂಪಿಕ್ ಕ್ರೀಡೆಗಳ ತರಬೇತಿ ಇದೆಯಲ್ಲ, ಅದನ್ನೇ ಹಿಡಿದುಕೊಂಡೆ. ಅರ್ಜಿಯ ಮುಖಪುಟದಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಗೆದ್ದ, ಕುದುರೆ ಸವಾರಿಯ ಡ್ರೆಸ್ಸಾಜ್ ಸ್ಪರ್ಧೆಯ ಚಿನ್ನ, ಒಳಗೆ ಟೋಕಿಯೊ ಒಲಿಂಪಿಕ್ಸ್‌ಗೆ ಹೋದ ನಮ್ಮ ಬೆಂಗಳೂರಿನ ಸವಾರ ಫವಾದ್ ಮಿರ್ಜಾ. ಹದಿನಾಲ್ಕು ಕಂಪನಿಗಳಿಗೆ ಕಳಿಸಿದೆ. ಹನ್ನೊಂದು ತಿರಸ್ಕಾರ, ಎರಡಕ್ಕೆ ಉತ್ತರವೇ ಇಲ್ಲ. ಉಳಿದ ಒಂದು ಕಂಪನಿಯವರು ಕರೆದು ಕಾಫಿ ಕೊಟ್ಟು, "ನಿಮ್ಮ ಮಕ್ಕಳಲ್ಲಿ ರಾಷ್ಟ್ರಮಟ್ಟದಲ್ಲಿ ಆಡಿದವರು ಎಷ್ಟು ಜನ?" ಎಂದರು. ಒಬ್ಬರೂ ಇರಲಿಲ್ಲ. ಅಲ್ಲದೆ ಕಂಪನಿ ತಾನೇ ಕಟ್ಟದ ಸಂಸ್ಥೆಗೆ ಅದೇ ಬಗೆಯ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ಇರಬೇಕೆಂಬ ನಿಯಮವಿದೆ. ಕಂಪನಿಗಳ ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ, ಆದಾಯ ತೆರಿಗೆಯವರ 12ಎಬಿ, 80ಜಿ ನೋಂದಣಿ ಎಲ್ಲವನ್ನೂ ಓಡಾಡಿ ಮಾಡಿಸಿದ್ದೆ. ಎಲ್ಲ ಇಟ್ಟುಕೊಂಡು ಕಾಫಿ ಕುಡಿದು ಬಂದೆ.

ದಾರಿ ಸಿಕ್ಕಿದ್ದು ಪ್ರವಾಸಕ್ಕೆ ಬಂದ ಶಾಲಾ ವ್ಯಾನಿನಿಂದ. ಯಲಹಂಕದ ಕಡೆಯ ವಿಶೇಷ ಶಾಲೆ, ಇಪ್ಪತ್ತು ವರ್ಷಕ್ಕೂ ಹಳೆಯ ಟ್ರಸ್ಟು. ಜೊತೆಗೆ ಬಂದಿದ್ದ ಫಿಸಿಯೋಥೆರಪಿಸ್ಟ್ ಸೆರೆಬ್ರಲ್ ಪಾಲ್ಸಿ ಇರುವ ಮಗುವೊಂದನ್ನು ಗೌರಿಯ ಮೇಲೆ ಕೂರಿಸಿ ಹತ್ತು ನಿಮಿಷ ನಡೆಸಿ, ಮಗುವಿನ ಸೊಂಟವನ್ನೇ ನೋಡುತ್ತಿದ್ದರು. ನಡೆಯುವ ಕುದುರೆಯ ಬೆನ್ನಿನ ಚಲನೆ ಮನುಷ್ಯ ನಡೆಯುವಾಗಿನ ಸೊಂಟದ ಚಲನೆಯನ್ನು ಹೋಲುತ್ತದೆ ಎಂಬುದು ಕುದುರೆ ಸಾಕುವ ನಮಗೆಲ್ಲ ಗೊತ್ತಿರುವ ವಿಷಯ. ನನಗೆ ಹೊಳೆದದ್ದು ಬೇರೆ. ಹಣ ನನ್ನ ಖಾತೆಗೇ ಬರಬೇಕೆಂದು ನಾನೇಕೆ ಹಟ ಹಿಡಿದಿದ್ದೇನೆ? ಅನುಭವ, ನೋಂದಣಿ, ಮಕ್ಕಳು ಎಲ್ಲವೂ ಶಾಲೆಯ ಬಳಿ ಇವೆ. ಈ ಮಕ್ಕಳ ಸವಾರಿ ಚಿಕಿತ್ಸೆಗೆಂದು ಹಾಕುವ ಅರ್ಜಿ ಅವರದಾಗಲಿ. ನಾನು ತಿಂಗಳಿಗೊಮ್ಮೆ ಬಿಲ್ ಕೊಡುವವನಾದರೆ ಸಾಕು.

ಗೆಳೆಯರು ಇದನ್ನೂ ಆಡಿಕೊಂಡರು: "ಕುದುರೆ ನಿಮ್ಮದು, ಲಗಾಮು ಟೀಚರಮ್ಮನ ಕೈಯಲ್ಲಿ." ಆಡಿಕೊಳ್ಳಲಿ ಎಂದು ಸುಮ್ಮನಾದೆ.

ಹೊಸ ಅರ್ಜಿಯ ಮೊದಲ ಎರಡು ಪುಟಗಳಲ್ಲಿ ಕುದುರೆ ಎಂಬ ಪದವೇ ಇಲ್ಲ. ಅದು ಬರುವುದು ಮೂರನೇ ಪುಟದಲ್ಲಿ, ಖರ್ಚಿನ ಪಟ್ಟಿಯಲ್ಲಿ. ಹಾಗಾದರೆ ಆ ಎರಡು ಪುಟಗಳಲ್ಲಿ ಏನಿತ್ತು ಎಂದು ಕೇಳಬೇಡಿ. ಅದನ್ನು ಕಲಿಯಲು ನನಗೆ ಮೂರು ವರ್ಷ ಹಿಡಿದಿದೆ.

ಖರ್ಚಿನ ಪಟ್ಟಿಯ ಬಗ್ಗೆ ಮಾತ್ರ ಎಲ್ಲವನ್ನೂ ಹೇಳುತ್ತೇನೆ, ಏಕೆಂದರೆ ನಮ್ಮವರೆಲ್ಲ ಮುಗ್ಗರಿಸುವುದು ಇಲ್ಲೇ. ಅರ್ಧ ಗಂಟೆಯ ಒಂದು ಚಿಕಿತ್ಸಾ ಅವಧಿಗೆ ನಾನು ಮೊದಲು ಹಾಕಿದ್ದು 350 ರೂಪಾಯಿ. ಒಂದು ಮಗುವಿಗೆ ಕುದುರೆ ಹಿಡಿಯುವವನೊಬ್ಬ, ಎರಡೂ ಪಕ್ಕಕ್ಕೆ ಒಬ್ಬೊಬ್ಬರು, ಹೀಗೆ ಮೂರು ಜನ ಬೇಕು. ಕುದುರೆ ಕುಂಟುವ ದಿನಗಳು, ಮಳೆಯ ದಿನಗಳು, ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಹತ್ತಿಸುವ ಮೊದಲು ಕತ್ತಿನ ಎಕ್ಸ್‌ರೇ, ವಿಮೆ. ಒಂದು ಕುದುರೆಗೆ ದಿನಕ್ಕೆ ಮೂರಕ್ಕಿಂತ ಹೆಚ್ಚು ಅವಧಿ ಬೇಡವೆಂಬುದು ನನ್ನದೇ ನಿಯಮ. ಎಲ್ಲ ಕೂಡಿಸಿದರೆ 1,150ರ ಹತ್ತಿರ ಹೋಯಿತು. ಇಪ್ಪತ್ತು ಮಕ್ಕಳು, ವಾರಕ್ಕೆರಡು ಅವಧಿ, ನಲವತ್ತು ವಾರ, ಜೊತೆಗೆ ಇತರ ಸಲಕರಣೆ: ಹೆಚ್ಚುಕಡಿಮೆ 19 ಲಕ್ಷ ಕೇಳಿದೆವು.

ಆ ಅರ್ಜಿ ಪಡೆದ ಕಂಪನಿಯವರು 11 ಲಕ್ಷ ಕೊಡುತ್ತೇವೆ, ಮಕ್ಕಳು ಇಪ್ಪತ್ತೇ ಇರಲಿ ಎಂದರು. ಮುಖ್ಯೋಪಾಧ್ಯಾಯಿನಿಯವರು ಒಪ್ಪಿಬಿಡುವ ಹಾಗಿದ್ದರು. ನಾನು ಮೇಜಿನ ಮೇಲೆಯೇ ಲೆಕ್ಕ ಹಾಕಿ ತೋರಿಸಿದೆ: ದರ ಇಳಿಯುವುದಿಲ್ಲ, ಹನ್ನೆರಡು ಮಕ್ಕಳು, ಮೂವತ್ತಾರು ವಾರ. ಎರಡು ವಾರ ಸುದ್ದಿಯೇ ಇರಲಿಲ್ಲ. ಎಲ್ಲ ಹಾಳು ಮಾಡಿದೆ ಎಂದು ನಿದ್ದೆಗೆಟ್ಟೆ. ಆದರೆ ಅದು ಫೆಬ್ರುವರಿ. ಖರ್ಚಾಗದ ಸಿಎಸ್‌ಆರ್ ಹಣವನ್ನು ವರ್ಷ ಮುಗಿದ ಮೇಲೆ ಸರ್ಕಾರ ಗೊತ್ತುಪಡಿಸಿದ ನಿಧಿಗೋ ಪ್ರತ್ಯೇಕ ಖಾತೆಗೋ ಹಾಕಬೇಕಾದ ಸಂಕಟ ಅವರಿಗೂ ಇರುತ್ತದೆ. ಒಪ್ಪಿಕೊಂಡರು.

ಇನ್ನೊಂದು ಗುದ್ದಾಟ ಸಯೀಸರ ಸಂಬಳದ್ದು. ಅದು ಆಡಳಿತ ವೆಚ್ಚ, ಶೇ 5ರ ಮಿತಿಯೊಳಗೆ ಬರಬೇಕು ಎಂದು ಅವರ ಲೆಕ್ಕಪತ್ರದವರು ಪಟ್ಟು ಹಿಡಿದರು. ಆ ಮಿತಿ ಕಂಪನಿಯ ಸ್ವಂತ ಸಿಎಸ್‌ಆರ್ ಆಡಳಿತಕ್ಕೆ ಮಾತ್ರ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ 2021ರ ಆಗಸ್ಟ್ ಸುತ್ತೋಲೆಯನ್ನು ಮುದ್ರಿಸಿಕೊಂಡು ಹೋಗಿ, ಆ ಸಾಲಿಗೆ ಹಳದಿ ಬಣ್ಣ ಬಳಿದು ಕೊಟ್ಟೆ. ಲದ್ದಿ ಬಾಚುವವನು ಸುತ್ತೋಲೆ ಓದುತ್ತಾನೆಂದು ಅವರು ಎಣಿಸಿರಲಿಲ್ಲ.

ಗಾಲಿಕುರ್ಚಿಯಿಂದ ನೇರವಾಗಿ ಕುದುರೆ ಹತ್ತಿಸುವ ಇಳಿಜಾರು ಕಟ್ಟೆಯೂ ಬೇಕಿತ್ತು. ಸಿಎಸ್‌ಆರ್ ಹಣದ ಆಸ್ತಿ ನನ್ನ ಹೆಸರಿನಲ್ಲಿರುವಂತಿಲ್ಲ, ನನ್ನ ಗುತ್ತಿಗೆ ಕರಾರೋ ಹನ್ನೊಂದು ತಿಂಗಳದ್ದು. ಸಿಮೆಂಟಿನ ಕಟ್ಟೆ ಎಂದಿದ್ದರೆ ಕಡತ ಅಲ್ಲೇ ಮಲಗುತ್ತಿತ್ತು. ಪೀಣ್ಯದಲ್ಲಿ ಚಕ್ರವಿರುವ ಕಬ್ಬಿಣದ ಕಟ್ಟೆ ಮಾಡಿಸಿದೆವು, ಸುಮಾರು 62 ಸಾವಿರ. ಅದು ಶಾಲೆಯ ಆಸ್ತಿ ಪುಸ್ತಕದಲ್ಲಿದೆ, ನಿಂತಿರುವುದು ನನ್ನ ಅಂಗಳದಲ್ಲಿ.

ನಡುವೆ ಲದ್ದಿ ಗೊಬ್ಬರದ ವ್ಯಾಪಾರವನ್ನೂ ಮಾಡಿ ನೋಡಿದೆ. ಹತ್ತು ಕಿಲೋ ಚೀಲಕ್ಕೆ 120 ರೂಪಾಯಿಯಂತೆ ಮಲ್ಲೇಶ್ವರದ ತಾರಸಿ ತೋಟದವರಿಗೆ. ಮೂರು ತಿಂಗಳಲ್ಲಿ ಬಂದದ್ದು 14 ಸಾವಿರ, ಪೆಟ್ರೋಲಿಗೆ ಹೋದದ್ದು 9 ಸಾವಿರ. ಸರಿಯಾಗಿ ಕೊಳೆಯಿಸದೆ ಕೊಟ್ಟ ಒಂದು ಸರದಿಯಿಂದ ಹಿರಿಯ ಗೃಹಿಣಿಯೊಬ್ಬರ ಗುಲಾಬಿ ಕುಂಡದಲ್ಲಿ ಓಟ್ಸ್ ಪೈರು ಎದ್ದಿತು. ಅವರು ಕಳಿಸಿದ ಚಿತ್ರ ಇನ್ನೂ ನನ್ನ ಮೊಬೈಲಿನಲ್ಲಿದೆ.

ಹನ್ನೆರಡು ಮಕ್ಕಳಲ್ಲಿ ಮೂವರು ಮೊದಲ ತಿಂಗಳಲ್ಲೇ ಬಿಟ್ಟರು, ಅವರ ಜಾಗಕ್ಕೆ ಬೇರೆಯವರು ಬಂದರು. ಆರು ತಿಂಗಳ ಅಳತೆಯಲ್ಲಿ ಏಳು ಮಕ್ಕಳು ಆಧಾರವಿಲ್ಲದೆ ಕೂರುವ ಸಮಯ ಹೆಚ್ಚಿತು, ಇಬ್ಬರಲ್ಲಿ ಏನೂ ಬದಲಾಗಲಿಲ್ಲ. ಆ ಇಬ್ಬರನ್ನೂ ವರದಿಯಲ್ಲಿ ಬರೆಯಿಸಿದೆ. ಫಿಸಿಯೋ ಹಿಂಜರಿದರು, ಕಂಪನಿಯವರು ಮೆಚ್ಚಿಕೊಂಡರು.

ಎರಡನೇ ಕಂತು ತಡವಾಗಿದ್ದು ಲಾಳದ ಬಿಲ್ಲಿನಿಂದ. ಲಾಳ ಹೊಡೆಯುವ ಯಜಮಾನರು ಮೂವತ್ತು ವರ್ಷದಿಂದ ಬೀಡಿ ಕಟ್ಟಿನ ಹಿಂದೆ ಲೆಕ್ಕ ಬರೆಯುವವರು. ಅವರಿಗೆ ಅವೆನ್ಯೂ ರಸ್ತೆಯಲ್ಲಿ ನೂರು ಹಾಳೆಯ ಬಿಲ್ ಪುಸ್ತಕ ಅಚ್ಚು ಹಾಕಿಸಿ ಕೊಟ್ಟೆ. ಈಗ ಅವರು ಹೋದಲ್ಲೆಲ್ಲ ಬಿಲ್ ಹರಿದು ಕೊಡುತ್ತಾರಂತೆ. ಸರ್ಜಾಪುರಕ್ಕೂ ಅದು ತಲುಪಿದೆ. ಕಳೆದ ವಾರ ಗೆಳೆಯರು ಕರೆ ಮಾಡಿ, ನಮ್ಮ ಅರ್ಜಿಯ ಪ್ರತಿ ಒಂದಿಷ್ಟು ಕಳಿಸಿ ಎಂದರು. ಮೂರನೇ ಪುಟದಿಂದ ಕಳಿಸಿದ್ದೇನೆ.