ಹೆಲಿಕಾಪ್ಟರ್ ನನ್ನ ಕಡೆ ಮುಖ ತಿರುಗಿಸಿದಾಗ

ಮೊದಲು ತಂದದ್ದು ಸೈಮಾ ಎಸ್107, ರಿಮೋಟಿನಲ್ಲಿ ಹಾರಿಸುವ ಆಟಿಕೆ ಹೆಲಿಕಾಪ್ಟರ್. ತಂದಿದ್ದು ಮಗನ ಹೆಸರಲ್ಲಿ, ಆಡಿದ್ದು ಮಾತ್ರ ನಾನು. ಅದರಲ್ಲಿ ಒಂದರ ಮೇಲೊಂದು ಎರಡು ರೋಟರ್, ಅಂದರೆ ತಿರುಗುವ ರೆಕ್ಕೆಗಳು, ಒಂದಕ್ಕೊಂದು ಎದುರು ದಿಕ್ಕಿಗೆ ತಿರುಗುತ್ತವೆ. ಹಾಗಾಗಿ ನಾವೇನೂ ಮಾಡದಿದ್ದರೂ ತಾನೇ ನೆಟ್ಟಗೆ ನಿಲ್ಲುತ್ತದೆ. ಟಿವಿ ರಿಮೋಟಿನ ಹಾಗೆ ಇನ್‌ಫ್ರಾರೆಡ್‌ನಲ್ಲಿ ನಡೆಯುವುದರಿಂದ ಬಿಸಿಲಿಗೆ ಒಯ್ದರೆ ಮಾತು ಕೇಳುವುದಿಲ್ಲ, ಅಷ್ಟೆ. ಎರಡೇ ದಿನದಲ್ಲಿ ಹಾಲ್‌ನಿಂದ ಅಡುಗೆಮನೆಗೆ ಹಾರಿಸಿ ಕಟ್ಟೆಯ ಮೇಲೆ ಇಳಿಸಿದೆ. ವಿದ್ಯೆ ಬಂತು ಅಂದುಕೊಂಡೆ.

ಬಂದಿರಲಿಲ್ಲ. ಆಮೇಲೆ ತರಿಸಿದ್ದು ಮೇಲೆ ಒಂದೇ ರೋಟರಿನ, ನಾಲ್ಕು ಚಾನೆಲ್‌ನ, ಅಂದರೆ ನಾಲ್ಕು ಬಗೆಯ ಹತೋಟಿಯ ಪುಟ್ಟ ಹೆಲಿಕಾಪ್ಟರ್. ತೂಕ 30 ಗ್ರಾಂ ಆಸುಪಾಸು. ಎಡಗೈಯ ಸ್ಟಿಕ್‌ನಲ್ಲಿ ಏರಿಳಿಸುವ ಥ್ರಾಟಲ್ ಮತ್ತು ಮೂತಿ ತಿರುಗಿಸುವ ಬಾಲ, ಬಲಗೈಯಲ್ಲಿ ಹಿಂದೆ-ಮುಂದೆ, ಎಡ-ಬಲ. ಮೆಲ್ಲಗೆ ಥ್ರಾಟಲ್ ಏರಿಸಿದೆ. ಒಂದು ಗೇಣು ಎದ್ದಿತು, ಸರ್ರನೆ ಜಾರಿ ಸೋಫಾ ಕೆಳಗೆ ಹೋಯಿತು. ಇನ್ನೊಂದು ಸಲವೂ ಅಲ್ಲಿಗೇ.

ತಪ್ಪು ನನ್ನ ಹೆದರಿಕೆಯದು. ಬಿದ್ದರೆ ಒಡೆಯುತ್ತದೆ ಅಂತ ನೆಲಕ್ಕೆ ಅಂಟಿಸಿಕೊಂಡೇ ಹಾರಿಸುತ್ತಿದ್ದೆ. ಅಷ್ಟು ಕೆಳಗೆ ರೋಟರಿನ ಗಾಳಿ ನೆಲಕ್ಕೆ ಬಡಿದು ಅದನ್ನೇ ಎಳೆದಾಡುತ್ತದೆ. ಸೊಂಟದ ಎತ್ತರಕ್ಕೆ ಏರಿಸಿದ ಮೇಲೆ ಅರ್ಧ ಗಲಾಟೆ ತಣ್ಣಗಾಯಿತು. ಸೀಲಿಂಗ್ ಫ್ಯಾನ್ ಗಾಳಿಯೂ ಆಗದು. ಏಪ್ರಿಲ್ ಸೆಕೆಯಲ್ಲಿ ಫ್ಯಾನ್ ನಿಲ್ಲಿಸಿ ಮನೆಯವರೆಲ್ಲರ ಕೈಲೂ ಬೈಸಿಕೊಂಡೆ.

ಒಂದೇ ಕಡೆ ನಿಲ್ಲಿಸುವುದು ಅಂದರೆ ಸುಮ್ನೆ ಇರುವುದಲ್ಲ. ತಟ್ಟೆಯ ಮೇಲೆ ಗೋಲಿ ಇಟ್ಟುಕೊಂಡು ಅದನ್ನು ನಡುವೆಯೇ ಉಳಿಸಿಕೊಂಡಂತೆ. ಬಾಲದ ಪುಟ್ಟ ರೋಟರ್ ಇಡೀ ಹೆಲಿಕಾಪ್ಟರನ್ನು ಒಂದು ಪಕ್ಕಕ್ಕೆ ತಳ್ಳುತ್ತಲೇ ಇರುತ್ತದೆ. ಆದ್ದರಿಂದ ಬಲಗೈ ಸದಾ ಅದರ ಎದುರು ಒಂಚೂರು ಒತ್ತಿಕೊಂಡಿರಬೇಕು. ಇನ್ನೊಂದು, ಜಾರಿದ್ದು ಕಣ್ಣಿಗೆ ಕಂಡ ಮೇಲೆ ಸ್ಟಿಕ್ ಒತ್ತಿದರೆ ತಡವಾಯಿತು. ಬರೀ ವಾಲಿದಾಗಲೇ ಒತ್ತಬೇಕು, ಒತ್ತಿ ತಕ್ಷಣ ಬಿಡಬೇಕು. ಈ ಬಿಡುವುದು ಕಲಿಯಲು ಮೂರು ವಾರ ಹಿಡಿಯಿತು. ಟೆರೇಸ್ ಮೇಲೆ ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆ ಮನೆಯಷ್ಟು ಚೌಕ ಬರೆದುಕೊಂಡು, ಗಾಳಿ ಏಳುವ ಮುಂಚೆ ಬೆಳಗ್ಗೆ ಆರಕ್ಕೆ ಹತ್ತುತ್ತಿದ್ದೆ.

ರೆಕ್ಕೆ ಮುರಿಯುವುದು ಬಿದ್ದದ್ದಕ್ಕಲ್ಲ, ಬಿದ್ದಾಗಲೂ ತಿರುಗುತ್ತಿದ್ದುದಕ್ಕೆ. ಇದು ಗೊತ್ತಾಗುವಷ್ಟರಲ್ಲಿ ಎರಡು ಜೊತೆ ಹೋಗಿದ್ದವು. ಗಾಬರಿಯಾದಾಗ ಕೈ ತಾನಾಗಿ ಥ್ರಾಟಲ್ ಏರಿಸುತ್ತದೆ. ಬಡಿಯುವುದು ಖಾತ್ರಿಯಾದ ಕ್ಷಣಕ್ಕೆ ಪೂರ್ತಿ ಇಳಿಸಿಬಿಡಿ. ಬ್ಯಾಟರಿಯನ್ನೂ ಪೂರ್ತಿ ಹಿಂಡಬೇಡಿ. ಲಿಥಿಯಂ ಪಾಲಿಮರ್ ಸೆಲ್ ತುಂಬಿದಾಗ 4.2 ವೋಲ್ಟ್, 3ಕ್ಕಿಂತ ಕೆಳಗಿಳಿದರೆ ಹಾಳಾಗುತ್ತದೆ.

ಇಷ್ಟೂ ಬಾಲ ನನ್ನ ಕಡೆ ಇದ್ದಾಗಿನ ಮಾತು. ಒಂದು ದಿನ ಧೈರ್ಯ ಮಾಡಿ ಮೂತಿಯನ್ನು ನನ್ನ ಕಡೆ ತಿರುಗಿಸಿದೆ. ಅದರ ಬಲ ಈಗ ನನ್ನ ಎಡ, ಅಲ್ವಾ? ಗೊತ್ತಿತ್ತು. ಆದರೆ ಕೈಗೆ ಗೊತ್ತಿರಲಿಲ್ಲ. ಸರಿಪಡಿಸಲು ಹೋದಷ್ಟೂ ಜಾಸ್ತಿ ವಾಲಿತು, ಪಕ್ಕದ ಮನೆಯ ತೆಂಗಿನ ಗರಿಯಲ್ಲಿ ಸಿಕ್ಕಿಕೊಂಡಿತು. ಮುಂದಿನ ಸಲ ಎಡ-ಬಲ ಲೆಕ್ಕ ಹಾಕುತ್ತಾ ಹಾರಿಸಿದೆ. ಲೆಕ್ಕ ಮುಗಿಯುವ ಮೊದಲೇ ನೀರಿನ ಟ್ಯಾಂಕಿಗೆ ಬಡಿದಿತ್ತು.

ದಾರಿ ಹೊಳೆದದ್ದು ಊರಲ್ಲಿ, ತೋಟದಲ್ಲಿ. ಗೊನೆ ಭಾರಕ್ಕೆ ಬಾಗಿದ ಬಾಳೆಗೆ ಬಾಗಿದ ಕಡೆಯಿಂದಲೇ ಕವೆಗೋಲು ಕೊಡುತ್ತೇವೆ. ಮೂತಿ ನಮ್ಮ ಕಡೆ ಇದ್ದಾಗಲೂ ಹಾಗೇ: ನಮ್ಮ ಕಣ್ಣಿಗೆ ಅದು ಎಡಕ್ಕೆ ವಾಲಿದರೆ ಸ್ಟಿಕ್ ಎಡಕ್ಕೆ, ಬಲಕ್ಕೆ ವಾಲಿದರೆ ಬಲಕ್ಕೆ. ವಾಲಿದ ಕಡೆ ಕೋಲು ಕೊಡು, ಅಷ್ಟೆ. ಅದರ ಎಡ ಯಾವುದು ಬಲ ಯಾವುದು ಅನ್ನುವ ಯೋಚನೆಯೇ ಬೇಡ. ಮಾರನೇ ದಿನ ಹತ್ತು ಎಣಿಸುವವರೆಗೆ ಹೆಲಿಕಾಪ್ಟರ್ ನನ್ನನ್ನೇ ನೋಡುತ್ತಾ ಗಾಳಿಯಲ್ಲಿ ನಿಂತಿತ್ತು. ಹನ್ನೊಂದಕ್ಕೆ ನನಗೇ ನಗು ಬಂದು ಕೈ ಅಲುಗಿತು.

ಈಗ ಎಂಟರ ಆಕಾರದಲ್ಲಿ ಸುತ್ತಿಸುತ್ತೇನೆ. ಬಲಕ್ಕೆ ಹೊರಳುವ ಅರ್ಧ ಚೆನ್ನಾಗಿ ಬರುತ್ತದೆ. ಎಡದ ಅರ್ಧ ಇನ್ನೂ ತೆಂಗಿನ ಮರದ ಕಡೆಗೇ ಎಳೆಯುತ್ತದೆ. ದೋಟಿಯನ್ನು ಟೆರೇಸ್ ಮೇಲೇ ಇಟ್ಟಿದ್ದೇನೆ.