ಹೀಲಿಯಂ–ನಿಯಾನ್ ಲೇಸರನ್ನು ಹಳಿಯ ಮೇಲೆ ಹೊಂದಿಸುವಾಗ

ನಮ್ಮ ಎಂಎಸ್ಸಿ ಲ್ಯಾಬಿನ ಹೀಲಿಯಂ–ನಿಯಾನ್ ಲೇಸರಿನಲ್ಲಿ ಕೊಳವೆ ಬೇರೆ, ಕನ್ನಡಿಗಳೆರಡೂ ಬೇರೆ. ಎಲ್ಲವನ್ನೂ ಒಂದು ಹಳಿಯ ಮೇಲೆ ನಾವೇ ಹೊಂದಿಸಬೇಕು. ಸೆಮಿಸ್ಟರ್ ಶುರುವಾದಾಗ ಆ ಕೆಲಸ ನನ್ನ ಪಾಲಿಗೆ. ಪ್ರಚೋದಿತ ಉತ್ಸರ್ಜನೆಯನ್ನು, ಅಂದರೆ ಹಾದುಹೋಗುವ ಬೆಳಕು ಶಕ್ತಿ ತುಂಬಿದ ಪರಮಾಣುವಿನಿಂದ ತನ್ನಂಥದೇ ಬೆಳಕನ್ನು ಹೊರಡಿಸುವುದನ್ನು, ಬೋರ್ಡಿನ ಮೇಲೆ ವಿವರಿಸಲು ಅರ್ಧ ಗಂಟೆ ಸಾಕು. ಲೇಸರ್ ಹೊತ್ತಿಕೊಳ್ಳುವುದೂ ಬಿಡುವುದೂ ಬೆಳಕಿನ ನಷ್ಟದ ಲೆಕ್ಕದ ಮೇಲೆ ನಿಂತಿದೆ ಎನ್ನುವುದು ಮಾತ್ರ ಈ ಹಳಿಯ ಮುಂದೆ ಕೂತರೇ ಮನಸ್ಸಿಗೆ ಇಳಿಯುವುದು.

ಕೊಳವೆಯೊಳಗೆ ಹೀಲಿಯಂ ಜಾಸ್ತಿ, ನಿಯಾನ್ ಅದರ ಹತ್ತನೇ ಒಂದು ಪಾಲಿನಷ್ಟು. ಸಾವಿರಕ್ಕೂ ಮಿಕ್ಕಿ ವೋಲ್ಟ್ ಕೊಟ್ಟಾಗ ಎಲೆಕ್ಟ್ರಾನುಗಳು ಹೀಲಿಯಂ ಪರಮಾಣುಗಳಿಗೆ ಬಡಿದು ಅವನ್ನು 20.61 ಇವಿ (ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಅಳತೆ) ಮಟ್ಟಕ್ಕೆ ಏರಿಸುತ್ತವೆ. ಬೆಳಕು ಚೆಲ್ಲಿ ಅಲ್ಲಿಂದ ಇಳಿಯುವುದು ಹೀಲಿಯಂಗೆ ಸುಲಭವಲ್ಲ. ನಮ್ಮ ಅದೃಷ್ಟಕ್ಕೆ ನಿಯಾನಿನಲ್ಲಿ 20.66ರಲ್ಲೇ ಒಂದು ಮಟ್ಟವಿದೆ. ಡಿಕ್ಕಿಯಲ್ಲಿ ಶಕ್ತಿ ಅತ್ತ ದಾಟುತ್ತದೆ, ಚೂರುಪಾರು ಕೊರತೆಯನ್ನು ಪರಮಾಣುಗಳ ಓಡಾಟವೇ ತುಂಬಿಕೊಡುತ್ತದೆ. ಕೆಳಗಿನ 18.70ರ ಮಟ್ಟ ಬೇಗ ಖಾಲಿಯಾಗುವುದರಿಂದ ಮೇಲಿನದರಲ್ಲೇ ಪರಮಾಣುಗಳು ಹೆಚ್ಚು. ನಡುವಿನ 1.96 ಇವಿ ಅಂತರವೇ 632.8 ನ್ಯಾನೊಮೀಟರಿನ ಕೆಂಪು. (ಬೆಲ್ ಲ್ಯಾಬ್ಸ್‌ನಲ್ಲಿ ಅಲಿ ಜವಾನ್ ಮತ್ತು ಸಂಗಡಿಗರು 1960ರ ಡಿಸೆಂಬರಿನಲ್ಲಿ ಮೊದಲು ಪಡೆದದ್ದು ಕಣ್ಣಿಗೆ ಕಾಣದ 1.15 ಮೈಕ್ರಾನಿನದು. ಕೆಂಪು ಬಂದದ್ದು 1962ರಲ್ಲಿ.)

ಇಷ್ಟೆಲ್ಲ ಆದರೂ ಕೊಳವೆಯನ್ನು ಒಮ್ಮೆ ದಾಟಿದ ಬೆಳಕು ಹೆಚ್ಚುವುದು ನೂರಕ್ಕೆ ಒಂದೆರಡು ಪಾಲು, ಅಷ್ಟೇ. ಅದಕ್ಕೇ ಕನ್ನಡಿಗಳು ಬೇಕು. ಹಿಂದಿನದು ಬಹುತೇಕ ಎಲ್ಲವನ್ನೂ ವಾಪಸ್ ಕಳಿಸುತ್ತದೆ, ಮುಂದಿನದು ಶೇ. 1ರಷ್ಟನ್ನು ಹೊರಬಿಡುತ್ತದೆ.

ಹೊಂದಿಸುವ ಬಗೆ ಹೀಗೆ. ಬಿಳಿ ಕಾರ್ಡಿಗೆ ಸೂಜಿಯಲ್ಲಿ ತೂತು ಮಾಡಿ, ಇನ್ನೊಂದು ಪುಟ್ಟ ಲೇಸರಿನ ಕಿರಣವನ್ನು ಅದರ ಮೂಲಕ, ಆಮೇಲೆ ಮಿಲಿಮೀಟರಿನಷ್ಟು ಸಣ್ಣದಾದ ಕೊಳವೆಯ ರಂಧ್ರದ ಮೂಲಕ ಹಿಂದಿನ ಕನ್ನಡಿಗೆ ಹಾಯಿಸುತ್ತೇನೆ. ಮರಳಿದ ಚುಕ್ಕೆ ಕಾರ್ಡಿನ ಮೇಲೆ ಎಲ್ಲೋ ಪಕ್ಕಕ್ಕೆ ಬೀಳುತ್ತದೆ. ತಿರುಪು ತಿರುಗಿಸುತ್ತ ಅದನ್ನು ತೂತಿಗೇ ತಂದು ಕೂರಿಸಬೇಕು. ಮುಂದಿನ ಕನ್ನಡಿಗೂ ಅದೇ ಕ್ರಮ. ಬಳಿಕ ಕೊಳವೆಗೆ ಕರೆಂಟ್ ಕೊಟ್ಟು, ಒಂದು ತಿರುಪನ್ನು ಮೆಲ್ಲಗೆ ಅತ್ತಿತ್ತ ಆಡಿಸುತ್ತ ಇನ್ನೊಂದನ್ನು ಕೂದಲೆಳೆಯಷ್ಟು ಸರಿಸುತ್ತ ಹೋದರೆ ಕಾರ್ಡಿನ ಮೇಲೆ ಫಕ್ಕನೆ ಕೆಂಪು ಮೂಡುತ್ತದೆ. ಕಾರ್ಡನ್ನಷ್ಟೇ ನೋಡಬೇಕು, ಕಿರಣದ ಎತ್ತರಕ್ಕೆ ಕಣ್ಣು ತರಕೂಡದು.

ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಯೋಗ ಇನ್ನು ಮುಂದಿನದು. ಕೊಳವೆಗೂ ಕನ್ನಡಿಗೂ ನಡುವೆ ತೆಳು ಗಾಜಿನ ಕವರ್ ಸ್ಲಿಪ್ ಒಂದನ್ನು ಕಿರಣಕ್ಕೆ ಲಂಬವಾಗಿ ಹಿಡಿಯುತ್ತೇನೆ. ಬರಿಗಣ್ಣಿಗೆ ಪೂರ್ತಿ ಪಾರದರ್ಶಕ, ಆದರೂ ಲೇಸರ್ ಆರಿಹೋಗುತ್ತದೆ. ಗಾಜಿನ ಒಂದೊಂದು ಮೈಯೂ ಸುಮಾರು ಶೇ. 4ರಷ್ಟು ಬೆಳಕನ್ನು ಹಿಂದಕ್ಕೆಸೆಯುತ್ತದೆ. ಒಂದೆರಡರ ಗಳಿಕೆ ಅದನ್ನೆಲ್ಲಿ ತಡೆದೀತು? ಈಗ ಸ್ಲಿಪ್ಪನ್ನು ನಿಧಾನ ವಾಲಿಸಿ. ಸುಮಾರು 56 ಡಿಗ್ರಿಗೆ, ಅಂದರೆ ಒಂದು ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಗಾಜು ಹಿಂದಕ್ಕೆಸೆಯದ ಬ್ರೂಸ್ಟರ್ ಕೋನಕ್ಕೆ ಬಂದಾಗ, ಗಾಜು ಅಲ್ಲೇ ಇದ್ದರೂ ಕೆಂಪು ಮರಳುತ್ತದೆ. ಕೊಳವೆಯ ಎರಡೂ ತುದಿಯ ಕಿಟಕಿಗಳು ಓರೆಯಾಗಿರುವುದು ಇದೇ ಕಾರಣಕ್ಕೆ, ಹೊರಬರುವ ಬೆಳಕು ಧ್ರುವೀಕರಣಗೊಂಡಿರುವುದೂ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವುದೂ ಇದರಿಂದಲೇ. ಕಿಟಕಿಗಳು ವಾಲಿದ ಸಮತಲದಲ್ಲೇ ಸ್ಲಿಪ್ಪೂ ವಾಲಬೇಕು, ಅಡ್ಡಕ್ಕೆ ವಾಲಿಸಿದರೆ ಕೆಂಪು ಮರಳುವುದಿಲ್ಲ.

ಅದೇ ಸ್ಲಿಪ್ಪಿನ ಮೇಲೆ ಬೆರಳಚ್ಚು ಮೂಡಿಸಿ ಅದೇ ಕೋನದಲ್ಲಿ ಹಿಡಿದರೆ ಮತ್ತೆ ಕತ್ತಲು. ಲೆನ್ಸ್ ಟಿಶ್ಯೂಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ, ಒಂದೇ ದಿಕ್ಕಿಗೆ ಒಂದೇ ಸಲ ಎಳೆದು ಒರೆಸಬೇಕು. ಕಿಟಕಿಗಳನ್ನು ಒರೆಸುವುದಾದರೆ ಮೊದಲು ಕೊಳವೆಯ ಕರೆಂಟ್ ತೆಗೆಯಿರಿ.