ಕ್ಯಾಥರೀನ್ ದೆ ಮೆಡಿಚಿಯನ್ನು ಪೆನ್ಸಿಲ್ ಹಿಡಿದು ಓದಿದ್ದು

ಫ್ರಾನ್ಸಿನ ರಾಣಿ ಕ್ಯಾಥರೀನ್ ದೆ ಮೆಡಿಚಿಯ ಜೀವನಚರಿತ್ರೆಯೊಂದನ್ನು ಈಚೆಗೆ ಓದಿ ಮುಗಿಸಿದೆ. ಪುಸ್ತಕದಲ್ಲಿ ಕೊರತೆಗಳು ಬೇಕಾದಷ್ಟಿವೆ. ಆದರೂ ಅರ್ಧಕ್ಕೆ ಬಿಡಲು ಮನಸ್ಸಾಗಲಿಲ್ಲ.

ಪೆನ್ಸಿಲ್ ಹಿಡಿದೇ ಓದಿದೆ. ಯಾವುದೇ ಆರೋಪ ಬಂದರೂ ಅಂಚಿನಲ್ಲಿ ಎರಡು ಪ್ರಶ್ನೆ: ಮೊದಲು ಹೇಳಿದವರು ಯಾರು? ಯಾವಾಗ?

ಕೈಗವಸಿನ ಕಥೆಯನ್ನೇ ನೋಡಿ. ಫ್ರಾನ್ಸ್-ಸ್ಪೇನ್ ಗಡಿಯ ಪುಟ್ಟ ರಾಜ್ಯ ನವಾರ್‌ನ ರಾಣಿ ಜಾನ್ ದಾಲ್ಬ್ರೆ ಮಗನ ಮದುವೆ ಮಾತುಕತೆಗೆ ಬಂದವಳು 1572ರ ಜೂನ್‌ನಲ್ಲಿ ಪ್ಯಾರಿಸ್‌ನಲ್ಲೇ ತೀರಿಕೊಂಡಳು. ಮದುವೆಯ ಹೆಣ್ಣು ಕ್ಯಾಥರೀನಳ ಮಗಳು ಮಾರ್ಗರೀತ್. ಸುಗಂಧ ಹಚ್ಚಿದ ಕೈಗವಸಿನಲ್ಲಿ ಕ್ಯಾಥರೀನ್ ವಿಷ ಹಾಕಿಸಿದಳು ಅಂತ ಪುಸ್ತಕ ಸಲೀಸಾಗಿ ಹೇಳಿಬಿಡುತ್ತದೆ. ಆಗ ಶವಪರೀಕ್ಷೆ ನಡೆದಿತ್ತು, ಶ್ವಾಸಕೋಶದ ಕಾಯಿಲೆ ಕಂಡಿತ್ತು. ಅದರ ಬಗ್ಗೆ ಒಂದು ಸಾಲೂ ಇಲ್ಲ! 1575ರಲ್ಲಿ ಬಂದ, ಬರೆದವರ ಹೆಸರಿಲ್ಲದ ಕರಪತ್ರದ ದ್ವೇಷದ ಮಾತುಗಳು ಮಾತ್ರ ಸಾಕ್ಷಿಯ ಜಾಗದಲ್ಲಿ ಕೂತಿವೆ. ಬ್ಲುವಾ ಅರಮನೆಯ ಆಕೆಯ ಕೋಣೆಯದ್ದೂ ಇದೇ ಪಾಡು. ಗೋಡೆ ತುಂಬ 237 ಕೆತ್ತನೆ ಹಲಗೆಗಳು, ಕೆಲವದರ ಹಿಂದೆ ಕಾಲಲ್ಲಿ ಒತ್ತಿದರೆ ತೆರೆಯುವ ಗುಪ್ತ ಕಪಾಟು. ಕಪಾಟು ಇದ್ದ ಮಾತ್ರಕ್ಕೆ ಒಳಗೆ ವಿಷವೇ ಇರಬೇಕಾ? ಒಡವೆ, ಕಾಗದಪತ್ರ ಇಡೋದಕ್ಕೂ ಜಾಗ ಬೇಕಲ್ವಾ?

ಆದರೆ ಮದುವೆಯ ಮೊದಲ ವರ್ಷಗಳನ್ನು ಲೇಖಕರು ತುಂಬಾ ಚೆನ್ನಾಗಿ ಬರೆದಿದ್ದಾರೆ. 1533ರಲ್ಲಿ, 14ನೇ ವಯಸ್ಸಿಗೆ, ತಂದೆತಾಯಿಯಿಲ್ಲದ ಹುಡುಗಿ ಫ್ಲಾರೆನ್ಸಿನಿಂದ ಬರುತ್ತಾಳೆ. ಹತ್ತು ವರ್ಷ ಮಕ್ಕಳಿಲ್ಲ. ಗಂಡನ ಮನಸ್ಸೆಲ್ಲ ಪ್ರೇಯಸಿ ದಿಯಾನ್ ದ ಪ್ವಾಟಿಯೆ ಮೇಲೆ. ತವರಿಗೆ ಅಟ್ಟಿಬಿಡುತ್ತಾರೆ ಅನ್ನುವ ಭಯ. 1544ರಲ್ಲಿ ಮೊದಲ ಮಗ ಹುಟ್ಟುವ ಪುಟವನ್ನು ಎರಡೆರಡು ಸಲ ಓದಿದೆ. ಇದಕ್ಕಾಗಿಯೇ ಪುಸ್ತಕವನ್ನು ಕಪಾಟಿನಲ್ಲಿ ಇಟ್ಟುಕೊಳ್ಳುತ್ತೇನೆ.

ದೊಡ್ಡ ಬೇಜಾರು ಅಂದರೆ 1562ರಿಂದ 1572ಕ್ಕೆ ಪುಸ್ತಕ ನೇರ ಹಾರುತ್ತದೆ. ಕ್ಯಾಥೊಲಿಕ್ ಫ್ರಾನ್ಸಿನಲ್ಲಿ ಪ್ರಾಟೆಸ್ಟೆಂಟರಿಗೆ ಊರ ಹೊರಗೆ ಪ್ರಾರ್ಥನೆ ಮಾಡಲು ಅವಕಾಶ ಕೊಟ್ಟ 1562ರ ಜನವರಿಯ ಶಾಸನದ ಹಿಂದೆ ಇದ್ದವಳು ಇದೇ ಕ್ಯಾಥರೀನ್. ಅದಕ್ಕೆ ಅರ್ಧ ಪುಟವೂ ಇಲ್ಲ. ಅದನ್ನು ಹೇಳದೆ ಬಿಟ್ಟರೆ, 1572ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಪ್ರಾಟೆಸ್ಟೆಂಟರ ಹತ್ಯಾಕಾಂಡಕ್ಕೇ ಆಕೆ ವರ್ಷಗಟ್ಟಲೆ ಹೊಂಚು ಹಾಕಿದ್ದಳು ಅಂತ ನಂಬಿಸುವುದು ಸುಲಭ. ನಾನು ದಿನಾಂಕಗಳನ್ನು ಸಾಲಾಗಿ ಬರೆದು ನೋಡಿದೆ: ಆಗಸ್ಟ್ 18 ಮಾರ್ಗರೀತಳ ಮದುವೆ, 22 ಪ್ರಾಟೆಸ್ಟೆಂಟ್ ನಾಯಕ ಕೊಲಿನ್ಯಿ ಮೇಲೆ ಗುಂಡು, 24 ಹತ್ಯಾಕಾಂಡ. ನನಗೆ ಕಾಣುವುದು ಹಳೆಯ ಸಂಚಲ್ಲ, ಕೈಮೀರಿದ ಆರು ದಿನ. ಹಾಗಂತ ಆಕೆ ನಿರಪರಾಧಿ ಅಂತ ಹೇಳುತ್ತಿಲ್ಲ. ನಾಯಕರನ್ನು ಕೊಲ್ಲುವ ತೀರ್ಮಾನದಲ್ಲಿ ಆಕೆಯ ಪಾಲು ಇತ್ತು ಅಂತಲೇ ನನ್ನ ನಂಬಿಕೆ.

ಈಗ ಆಕೆಯ ಪತ್ರಗಳ ಸಂಪುಟಗಳನ್ನು ಹಿಡಿದಿದ್ದೇನೆ, ಪುಸ್ತಕ ಹಾರಿಸಿದ ವರ್ಷಗಳಿಂದಲೇ ಶುರು.